ಗರಜು ಯಾರದು? ಪಿಕ್ಸಾರ್ ಮಾರಾಟದ ಒಂದು ಪ್ರಕರಣ ಅಧ್ಯಯನ

ನಮ್ಮ ಕಡೆ ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರು ದರಕ್ಕಿಂತ ಮೊದಲು ಎದುರಿನವನ ಮುಖ ನೋಡುತ್ತಾರೆ. ಗರಜು ಯಾರದು ಅಂತ ತಿಳಿದರೆ ದರ ತಾನಾಗಿ ತಿಳಿಯುತ್ತದೆ. ಪಿಕ್ಸಾರ್ ಎಂಬ ಅಮೆರಿಕದ ಆನಿಮೇಷನ್ ಸ್ಟುಡಿಯೋದ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಅವರು ಹಿಡಿದುಕೊಳ್ಳುವುದು ಎರಡು ಅಂಕಿ: 1986ರಲ್ಲಿ ಸ್ಟೀವ್ ಜಾಬ್ಸ್ ಅದನ್ನು ಕೊಂಡದ್ದು 50 ಲಕ್ಷ ಡಾಲರಿಗೆ, 2006ರಲ್ಲಿ ಡಿಸ್ನಿ ಕೊಂಡದ್ದು 740 ಕೋಟಿ ಡಾಲರಿಗೆ. ನಾನು ಅವರಿಗೆ ತೋರಿಸಲು ನೋಡುವುದು ನಡುವಿನ ಇಪ್ಪತ್ತು ವರ್ಷ. ಆ ಅವಧಿಯಲ್ಲಿ ಇದೇ ಸ್ಟುಡಿಯೋ ಡಿಸ್ನಿಯ ಎದುರು ಮೇಜಿಗೆ ಕೂತದ್ದು ನಾಲ್ಕು ಸಲ, ಪ್ರತಿ ಸಲವೂ ಗರಜು ಬೇರೆಯವರದಾಗಿತ್ತು.

ಕಂಪನಿಗಳ, ಅವುಗಳ ಮುಖ್ಯಸ್ಥರ ಹೆಸರು ಲೋಕಕ್ಕೇ ಗೊತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಒಳಗೆ ದುಡಿದವರನ್ನು ಮಾತ್ರ ಹೆಸರಿಲ್ಲದೆ, ಅವರ ಕೆಲಸದಿಂದ ಗುರುತಿಸಿದ್ದೇನೆ.

ಹಿನ್ನೆಲೆ

ಪಿಕ್ಸಾರಿನ ಬೇರು ಇರುವುದು 1974ರ ಸುಮಾರಿಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಶುರುವಾದ ಕಂಪ್ಯೂಟರ್ ಗ್ರಾಫಿಕ್ಸ್ ಪ್ರಯೋಗಾಲಯದಲ್ಲಿ. ಎಡ್ ಕ್ಯಾಟ್ಮಲ್, ಆಲ್ವಿ ರೇ ಸ್ಮಿತ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಅಲ್ಲಿದ್ದರು. ಪೂರಾ ಒಂದು ಸಿನಿಮಾವನ್ನು ಕಂಪ್ಯೂಟರಿನಲ್ಲೇ ತೆಗೆಯಬೇಕೆಂಬ ಹುಚ್ಚು ಅವರಿಗೆ ಆಗಲೇ ಹಿಡಿದಿತ್ತು. 1979ರಲ್ಲಿ ಸಿನಿಮಾ ನಿರ್ದೇಶಕ ಜಾರ್ಜ್ ಲ್ಯೂಕಸ್ ಕ್ಯಾಟ್ಮಲ್‌ರನ್ನು ಕರೆದು ತನ್ನ ಕಂಪನಿ ಲ್ಯೂಕಸ್‌ಫಿಲ್ಮ್‌ನ ಕಂಪ್ಯೂಟರ್ ವಿಭಾಗ ಒಪ್ಪಿಸಿದರು. ಲ್ಯೂಕಸ್‌ಗೆ ಬೇಕಾಗಿದ್ದದ್ದು ಎಡಿಟಿಂಗಿಗೆ, ಧ್ವನಿಗೆ, ದೃಶ್ಯಗಳ ಜೋಡಣೆಗೆ ಒದಗುವ ಸಲಕರಣೆ. ಕಾರ್ಟೂನ್ ಬೇಕಾಗಿರಲಿಲ್ಲ. ಹಾಗಾಗಿ 1984ರಲ್ಲಿ ಜಾನ್ ಲ್ಯಾಸಿಟರ್ ಎಂಬ ಆನಿಮೇಟರ್‌ನನ್ನು ಸೇರಿಸಿಕೊಂಡಾಗ ಹುದ್ದೆಗೆ 'ಇಂಟರ್‌ಫೇಸ್ ಡಿಸೈನರ್' ಅಂತ ಹೆಸರಿಟ್ಟರು, ಮೇಲಿನವರು ಕೇಳದಿರಲಿ ಎಂದು. ಈ ಲ್ಯಾಸಿಟರ್‌ನನ್ನು ಸ್ವಲ್ಪ ಮೊದಲಷ್ಟೇ ಕೆಲಸದಿಂದ ತೆಗೆದಿದ್ದದ್ದು ಡಿಸ್ನಿ. ಕಥೆ ಮುಂದೆ ಎತ್ತ ತಿರುಗುತ್ತದೆ ಎಂಬುದಕ್ಕೆ ಇದೊಂದನ್ನು ನೆನಪಿಟ್ಟುಕೊಳ್ಳಿ.

1983ರಲ್ಲಿ ಲ್ಯೂಕಸ್ ವಿಚ್ಛೇದನವಾಗಿ ಕೈಯಲ್ಲಿ ಹಣ ಬೇಕಾಯಿತು. ವಿಭಾಗವನ್ನು ಮಾರಲು ಹೊರಟರು. ಜನರಲ್ ಮೋಟರ್ಸ್‌ನ ಅಂಗಸಂಸ್ಥೆಯೊಂದು ಫಿಲಿಪ್ಸ್ ಜೊತೆ ಸೇರಿ ಕೊಳ್ಳುವ ಮಾತು 1985ರ ಕೊನೆಗೆ ಇನ್ನೇನು ಕುದುರಿತು ಅನ್ನುವಾಗ ಮುರಿದುಬಿತ್ತು. ಕಡೆಗೆ 1986ರ ಫೆಬ್ರುವರಿಯಲ್ಲಿ, ಆಪಲ್‌ನಿಂದ ಹೊರಬಿದ್ದಿದ್ದ ಸ್ಟೀವ್ ಜಾಬ್ಸ್ ಲ್ಯೂಕಸ್‌ಗೆ 50 ಲಕ್ಷ ಡಾಲರ್ ಕೊಟ್ಟು, ಇನ್ನೊಂದು 50 ಲಕ್ಷ ಬಂಡವಾಳ ಹಾಕಿ ಅದನ್ನು ಪಿಕ್ಸಾರ್ ಎಂಬ ಬೇರೆ ಕಂಪನಿ ಮಾಡಿದರು. ಜನ ನಲವತ್ತರಷ್ಟು. ಗರಜು ಪೂರ್ತಿ ಮಾರುವವರದು.

ಸಮಸ್ಯೆ: ಮಾರುವುದು ಏನನ್ನು?

ಹೊಸ ಕಂಪನಿ ಬದುಕಬೇಕಾಗಿದ್ದದ್ದು ಯಂತ್ರ ಮಾರಿ. ಪಿಕ್ಸಾರ್ ಇಮೇಜ್ ಕಂಪ್ಯೂಟರ್ ಎಂಬ ಆ ಯಂತ್ರದ ಬೆಲೆ 1,35,000 ಡಾಲರ್. ಆಸ್ಪತ್ರೆಗಳ ಸ್ಕ್ಯಾನ್, ಉಪಗ್ರಹದ ಚಿತ್ರ, ಇಂಥದ್ದಕ್ಕೆ ಒದಗುತ್ತದೆ ಎಂಬ ಲೆಕ್ಕ. ಒಟ್ಟು ಮುನ್ನೂರು ಯಂತ್ರವೂ ಹೋಗಲಿಲ್ಲ. ಡಿಸ್ನಿಯೇ ದೊಡ್ಡ ಗಿರಾಕಿ: ಕೈಯಲ್ಲಿ ಬರೆದ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸವನ್ನು ಕಂಪ್ಯೂಟರಿಗೆ ಹಚ್ಚಲು ಎರಡೂ ಕಂಪನಿ ಸೇರಿ ಒಂದು ವ್ಯವಸ್ಥೆ ಕಟ್ಟಿದ್ದವು.

ಆನಿಮೇಷನ್ ವಿಭಾಗ ಇದ್ದದ್ದು ಆ ಯಂತ್ರದ ಜಾಹೀರಾತಿಗೆ. ಮೇಜಿನ ಮೇಲಿನ ಎರಡು ದೀಪ ತಂದೆ-ಮಗುವಿನಂತೆ ಆಡುವ ಪುಟ್ಟ ಚಿತ್ರವನ್ನು 1986ರಲ್ಲಿ ಡಲ್ಲಾಸ್‌ನ ಗ್ರಾಫಿಕ್ಸ್ ಸಮ್ಮೇಳನದಲ್ಲಿ ತೋರಿಸಿದರು. 1988ರಲ್ಲಿ ತೆಗೆದ ತಗಡಿನ ಆಟಿಕೆಯ ಕಿರುಚಿತ್ರಕ್ಕೆ ಆಸ್ಕರ್ ಬಂತು, ಕಂಪ್ಯೂಟರ್ ಆನಿಮೇಷನ್ನಿಗೆ ಮೊದಲನೆಯದು. ಆಸ್ಕರ್ ಬಂತೆಂದು ಸಂಬಳದ ಹಣ ಹುಟ್ಟುವುದಿಲ್ಲ. 1990ರಲ್ಲಿ ಯಂತ್ರದ ವಿಭಾಗವನ್ನೇ ಮಾರಿದರು. 1991ರಲ್ಲಿ ಬಹಳಷ್ಟು ಜನರನ್ನು ಕೆಲಸದಿಂದ ತೆಗೆದರು. ಉಳಿದವರು ಮೌತ್‌ವಾಶ್, ಮಿಠಾಯಿ ಜಾಹೀರಾತು ಮಾಡಿ ದಿನ ತಳ್ಳಿದರು. ಜಾಬ್ಸ್ ಕೈಯಿಂದ ಹೋಗಿದ್ದು ಅಷ್ಟರಲ್ಲಿ 5 ಕೋಟಿ ಡಾಲರ್ ಹತ್ತಿರ. ಅದೇ ಹೊತ್ತಿಗೆ ಉದ್ಯೋಗಿಗಳ ಕೈಲಿದ್ದ ಷೇರುಗಳೂ ಲೆಕ್ಕದಿಂದ ಹೋದವು. ದುಡ್ಡು ಹಾಕುತ್ತಿರುವವನು ನಾನೊಬ್ಬ, ಪಾಲು ಮಾತ್ರ ಎಲ್ಲರಿಗೂ ಯಾಕೆ ಎಂಬುದು ಜಾಬ್ಸ್ ವಾದ. ಈ ಕಂಪನಿಯ ಹೊಗಳಿಕೆ ಬರೆಯುವವರು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ.

1994ರ ತನಕವೂ ಜಾಬ್ಸ್ ಪಿಕ್ಸಾರನ್ನು ಕೊಳ್ಳುವವರನ್ನು ಹುಡುಕುತ್ತಲೇ ಇದ್ದರು. ಮೈಕ್ರೋಸಾಫ್ಟ್ ಜೊತೆಯೂ ಮಾತಾಯಿತು. ಯಾವುದೂ ಕೂಡಿಬರಲಿಲ್ಲ. ಕೂಡಿಬಂದಿದ್ದರೆ ಇವತ್ತು ಬರೆಯಲು ಈ ಪ್ರಕರಣವೇ ಇರುತ್ತಿರಲಿಲ್ಲ.

ಮೊದಲ ಮೇಜು, 1991

ಡಿಸ್ನಿಯ ಸಿನಿಮಾ ವಿಭಾಗದ ಮುಖ್ಯಸ್ಥ ಜೆಫ್ರಿ ಕಾಟ್ಜೆನ್‌ಬರ್ಗ್ ಲ್ಯಾಸಿಟರ್‌ನನ್ನು ವಾಪಸ್ ಕರೆದರು. ಆತ ಬರಲಿಲ್ಲ. ಹಾಗಾದರೆ ಅವನಿದ್ದಲ್ಲಿಂದಲೇ ಸಿನಿಮಾ ಮಾಡಿಸೋಣ ಎಂದಾಯಿತು. ಮೂರು ಸಿನಿಮಾಗಳ ಒಪ್ಪಂದ. ಹಣ ಡಿಸ್ನಿಯದು, ಪಾತ್ರಗಳ ಒಡೆತನ ಡಿಸ್ನಿಯದು, ಪಿಕ್ಸಾರ್‌ಗೆ ಗಳಿಕೆಯಲ್ಲಿ ಸಣ್ಣದೊಂದು ಪಾಲು.

ಇಷ್ಟು ಬಗ್ಗಿದ ಮೇಲೂ ಜಾಬ್ಸ್ ಒಂದು ಕಡೆ ಬಗ್ಗಲಿಲ್ಲ. ಮೂರು ಆಯಾಮದ ಚಿತ್ರ ಕಟ್ಟುವ ತಂತ್ರಜ್ಞಾನದ ಹಕ್ಕನ್ನೂ ಡಿಸ್ನಿ ಕೇಳಿತು, ಕೊಡುವುದಿಲ್ಲ ಎಂದರು. ಬೊಕ್ಕಸ ಬರಿದಾಗಿದ್ದ ಕಂಪನಿ ಹೇಳಿದ ಈ 'ಇಲ್ಲ' ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮೊದಲ ತಿರುವು. ಗೊಂಬೆಗಳನ್ನು ಕೊಟ್ಟರು, ಗೊಂಬೆ ಮಾಡುವ ಕೈಯನ್ನು ಕೊಡಲಿಲ್ಲ.

ಕೈ ಇದ್ದರೂ ಬಾಯಿ ಡಿಸ್ನಿಯದೇ ಆಗಿತ್ತು. ಪಾತ್ರಗಳು ಇನ್ನಷ್ಟು ಚುರುಕಾಗಲಿ, ಖಾರವಾಗಲಿ ಎಂದು ಮೇಲಿಂದ ಸೂಚನೆಗಳು ಬರುತ್ತಲೇ ಇದ್ದವು. ಎಲ್ಲವನ್ನೂ ಪಾಲಿಸಿದರು. 1993ರ ನವೆಂಬರ್ 19ರಂದು ಮೊದಲ ಸಿನಿಮಾವನ್ನು, ಆಟಿಕೆ ಗೊಂಬೆಗಳ ಕಥೆಯ 'ಟಾಯ್ ಸ್ಟೋರಿ'ಯನ್ನು, ಅರ್ಧಂಬರ್ಧವಾಗಿ ಡಿಸ್ನಿಗೆ ತೋರಿಸಿದಾಗ ನಾಯಕ ಗೊಂಬೆ ಯಾರಿಗೂ ಬೇಡದ ಜಗಳಗಂಟನಾಗಿದ್ದ. ಡಿಸ್ನಿ ಕೆಲಸ ನಿಲ್ಲಿಸಿತು. ಪಿಕ್ಸಾರ್‌ನಲ್ಲಿ ಆ ಶುಕ್ರವಾರಕ್ಕೆ ಕರಾಳ ಶುಕ್ರವಾರ ಎಂದೇ ಹೆಸರು. ಆಮೇಲೆ ತಂಡ ಕೋಣೆ ಸೇರಿ, ಮೇಲಿನವರ ಸೂಚನೆಗಳನ್ನೆಲ್ಲ ಬದಿಗಿಟ್ಟು, ತಾವು ಮೊದಲು ಎಣಿಸಿದ್ದ ಕಥೆಯನ್ನು ಮತ್ತೆ ಬರೆಯಿತು. ಮುಂದಿನ ವರ್ಷ ಕೆಲಸ ಮತ್ತೆ ಶುರುವಾಯಿತು.

ಒಂದು ವಾರ, 69 ಲಕ್ಷ ಷೇರು

'ಟಾಯ್ ಸ್ಟೋರಿ' ಬಿಡುಗಡೆಯಾದದ್ದು 1995ರ ನವೆಂಬರ್ 22ರಂದು. ಸನ್ ಕಂಪನಿಯ 117 ಕಂಪ್ಯೂಟರುಗಳು ಹಗಲೂ ರಾತ್ರಿ ಓಡಿ 1,14,240 ಫ್ರೇಮು ಎಳೆದಿದ್ದವು. ಸಿನಿಮಾ ಗೆದ್ದದ್ದು ಎಲ್ಲರಿಗೂ ಗೊತ್ತು, ಲೋಕದಾದ್ಯಂತ 37 ಕೋಟಿ ಡಾಲರ್ ಗಳಿಸಿತು. ಪ್ರಕರಣದ ದೃಷ್ಟಿಯಿಂದ ನೋಡಬೇಕಾದದ್ದು ಅದರ ಮುಂದಿನ ವಾರ. ನವೆಂಬರ್ 29ಕ್ಕೆ ಪಿಕ್ಸಾರ್ ಷೇರು ಪೇಟೆಗೆ ಬಂತು. 22 ಡಾಲರಿಗೆ ಕೊಟ್ಟ ಷೇರು ದಿನದ ಕೊನೆಗೆ 39ಕ್ಕೆ ನಿಂತಿತು. ಸುಮಾರು 14 ಕೋಟಿ ಡಾಲರ್ ಬಂತು.

ಒಂದೇ ಸಿನಿಮಾ ಮಾಡಿದ ಕಂಪನಿ ಇಷ್ಟು ಅವಸರದಲ್ಲಿ ಪೇಟೆಗೆ ಬಂದದ್ದು ಯಾಕೆ? ಸ್ಟುಡಿಯೋ ಒಳಗೇ ಹಲವರಿಗೆ ಇದು ಸರಿ ಕಂಡಿರಲಿಲ್ಲ, ಇನ್ನೆರಡು ಸಿನಿಮಾ ಆಗಲಿ ಎಂದಿದ್ದರು. ಜಾಬ್ಸ್ ಲೆಕ್ಕ ಬೇರೆ. ಸಿನಿಮಾ ಗೆದ್ದರೆ, ತಾನೇ ಒಬ್ಬ ಪ್ರತಿಸ್ಪರ್ಧಿಯನ್ನು ಬೆಳೆಸಿದೆ ಅಂತ ಡಿಸ್ನಿಯ ಮುಖ್ಯಸ್ಥ ಮೈಕಲ್ ಐಸ್ನರ್‌ಗೆ ಹೊಳೆಯುತ್ತದೆ, ಪಿಕ್ಸಾರನ್ನು ಬಿಡದೆ ಹಿಡಿದಿಟ್ಟುಕೊಳ್ಳಲು ಮಾತಿಗೆ ಬರುತ್ತಾರೆ. ಆಗ ಸರಿಸಮ ಪಾಲು ಕೇಳಬೇಕಾದರೆ ಖರ್ಚಿನಲ್ಲಿ ಅರ್ಧ ಹಾಕುವ ತಾಕತ್ತು ನಮ್ಮಲ್ಲಿರಬೇಕು. ಹಾಗೇ ಆಯಿತು. 1997ರ ಎರಡನೇ ಒಪ್ಪಂದದಲ್ಲಿ ಐದು ಸಿನಿಮಾ, ಖರ್ಚು ಅರ್ಧರ್ಧ, ಲಾಭ ಅರ್ಧರ್ಧ, ಪೋಸ್ಟರಿನ ಮೇಲೆ ಎರಡೂ ಹೆಸರು. ಪಾತ್ರಗಳ ಒಡೆತನ, ಮುಂದಿನ ಭಾಗ ತೆಗೆಯುವ ಹಕ್ಕು ಮಾತ್ರ ಡಿಸ್ನಿಯಲ್ಲೇ ಉಳಿದವು. ಆ ಎಳೆ ಮುಂದೆ ಉರುಳಾಗುವುದಿತ್ತು.

ಅಳಿಸಿಹೋದ ಸಿನಿಮಾ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ 740 ಕೋಟಿಗೆ ಕೊಂಡದ್ದು ಏನನ್ನು ಎಂಬುದು ಇಲ್ಲಿ ಕಾಣುತ್ತದೆ.

1998. 'ಟಾಯ್ ಸ್ಟೋರಿ'ಯ ಎರಡನೇ ಭಾಗದ ಕೆಲಸ ನಡೆದಿತ್ತು. ಯಾರೋ ಒಬ್ಬರು ಸರ್ವರ್ ಮೇಲೆ ಒಂದು ಆಜ್ಞೆ ಕೊಟ್ಟರು. ಇಲ್ಲಿರುವುದನ್ನೆಲ್ಲ ಅಳಿಸು, ಕೇಳದೆ ಅಳಿಸು ಎಂದು ಅದರ ಅರ್ಥ. ಪರದೆ ನೋಡುತ್ತಿದ್ದವರ ಕಣ್ಣೆದುರು ಮೊದಲು ನಾಯಕ ಗೊಂಬೆಯ ಟೋಪಿ ಹೋಯಿತು. ಆಮೇಲೆ ಬೂಟು. ಆಮೇಲೆ ಗೊಂಬೆಯೇ ಇಲ್ಲ. ಯಂತ್ರದ ಪ್ಲಗ್ ಕೀಳಿರಿ ಎಂದು ಫೋನಿನಲ್ಲಿ ಕಿರುಚಿದರು. ಕೀಳುವಷ್ಟರಲ್ಲಿ ಸಿನಿಮಾದ ತೊಂಬತ್ತು ಭಾಗ ಹೋಗಿತ್ತು. ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ.

ಸಭೆ ಕೂತರು. ಮಾತು ಎಲ್ಲೂ ತಲುಪದಿದ್ದಾಗ ತಾಂತ್ರಿಕ ವಿಭಾಗ ನೋಡುತ್ತಿದ್ದ ಒಬ್ಬಾಕೆಗೆ ನೆನಪಾಯಿತು. ಆಕೆಗೆ ಮಗುವಾಗಿತ್ತು, ಮನೆಯಿಂದ ಕೆಲಸ ಮಾಡಲೆಂದು ಸಿನಿಮಾದ ಕಡತಗಳೆಲ್ಲ ವಾರಕ್ಕೊಮ್ಮೆ ಮನೆಯ ಕಂಪ್ಯೂಟರಿಗೆ ಬಂದು ಸೇರುವ ಹಾಗೆ ಮಾಡಿಕೊಂಡಿದ್ದಳು. ಕಾರು ಹತ್ತಿ ಹೋದರು. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ಎಳೆಮಗುವನ್ನು ಕೂರಿಸಿದಷ್ಟು ಜೋಪಾನವಾಗಿ ಕೂರಿಸಿ, ನಿಧಾನ ಓಡಿಸಿಕೊಂಡು ಬಂದರು. ಸಿನಿಮಾ ಸಿಕ್ಕಿತು.

ಆ ಆಜ್ಞೆ ಕೊಟ್ಟವರು ಯಾರು ಅಂತ ಹುಡುಕುವ ಕೆಲಸಕ್ಕೆ ಆಡಳಿತ ಕೈಹಾಕಲಿಲ್ಲ. ಮೊದಲು ಕೆಲಸ ಮುಂದುವರಿಸೋಣ, ಆಮೇಲೆ ಬ್ಯಾಕಪ್ ಸರಿಮಾಡೋಣ ಎಂದರು. ನಮ್ಮ ಕಚೇರಿಗಳಲ್ಲಾದರೆ ಶೋಕಾಸ್ ನೋಟಿಸು ಮೊದಲು ಟೈಪಾಗುತ್ತಿತ್ತು.

ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಸಿನಿಮಾ ಚೆನ್ನಾಗಿಲ್ಲ ಎಂದು ಅವರಿಗೇ ಅನ್ನಿಸಿತು. ವಿಡಿಯೋಗಷ್ಟೇ ಎಂದು ಶುರುವಾಗಿ ಥಿಯೇಟರಿಗೆ ಬಡ್ತಿ ಪಡೆದಿದ್ದ ಅದನ್ನು ಕಥೆಯ ಬುಡದಿಂದ ಮತ್ತೆ ಮಾಡಬೇಕಾಯಿತು. ಬಿಡುಗಡೆಗೆ ಒಂಬತ್ತು ತಿಂಗಳಿತ್ತು. ದಿನಾಂಕ ಮುಂದೆ ಹಾಕಲು ಡಿಸ್ನಿ ಒಪ್ಪುವ ಹಾಗಿರಲಿಲ್ಲ. ಮಾಡಿದರು, 1999ರ ನವೆಂಬರಿನಲ್ಲಿ ಅದೂ ಗೆದ್ದಿತು. ಖರ್ಚಿನ ಲೆಕ್ಕ ಇನ್ನೊಂದು ಕಡೆ ಇದೆ: ಮುಗಿಯುವ ಹೊತ್ತಿಗೆ ಮೂರರಲ್ಲೊಬ್ಬರಿಗೆ ಕೈ, ಮಣಿಕಟ್ಟಿನ ನೋವು. ಒಬ್ಬ ಚಿತ್ರಕಾರ ಬೆಳಿಗ್ಗೆ ಮಗುವನ್ನು ಶಿಶುವಿಹಾರಕ್ಕೆ ಬಿಡುವುದನ್ನೇ ಮರೆತು ಕಾರಿನಲ್ಲೇ ಬಿಟ್ಟು ಕೆಲಸಕ್ಕೆ ಬಂದಿದ್ದ. ಹೆಂಡತಿ ಕೇಳಿದಾಗ ನೆನಪಾಗಿ ಓಡಿದ. ಮಗು ಬದುಕಿತು. ಇದನ್ನೆಲ್ಲ ಕ್ಯಾಟ್ಮಲ್ ತಾವೇ ಬರೆದುಕೊಂಡಿದ್ದಾರೆ. ಇಷ್ಟಾದರೂ, ಮುಂದಿನ ಭಾಗ ಹೊಸ ಸಿನಿಮಾ ಅಲ್ಲವೆಂದು ಇದು ಐದರ ಲೆಕ್ಕಕ್ಕೆ ಸೇರಲಿಲ್ಲ.

ಮುರಿದ ಮಾತು

ಆ ಉರಿ ಒಳಗೇ ಉಳಿಯಿತು. ಐದು ಸಿನಿಮಾ ಮುಗಿಯುತ್ತ ಬಂದಾಗ ಮೂರನೇ ಮಾತುಕತೆ. ಈಗ ಪಿಕ್ಸಾರ್ ಕೇಳಿದ್ದು: ಸಿನಿಮಾಗಳು ನಮ್ಮವು, ಹಂಚುವ ಕೂಲಿ ಮಾತ್ರ ನಿಮ್ಮದು. ಐಸ್ನರ್ ಒಪ್ಪಲಿಲ್ಲ. 2004ರ ಜನವರಿಯಲ್ಲಿ ಜಾಬ್ಸ್ ಮಾತು ಮುಗಿಯಿತೆಂದು ಸಾರಿದರು. ಡಿಸ್ನಿ ತನ್ನ ಹಕ್ಕು ಚಲಾಯಿಸಿ, ಪಿಕ್ಸಾರ್ ಪಾತ್ರಗಳ ಮುಂದಿನ ಭಾಗಗಳನ್ನು ಪಿಕ್ಸಾರ್ ಇಲ್ಲದೆಯೇ ತೆಗೆಯಲು 'ಸರ್ಕಲ್ ಸೆವೆನ್' ಎಂಬ ಬೇರೆ ಸ್ಟುಡಿಯೋ ತೆರೆಯಿತು. ಹೆತ್ತವರನ್ನು ಬಿಟ್ಟು ಮಕ್ಕಳನ್ನು ಸಾಕಲು ಹೊರಟ ಹಾಗೆ.

ಕಾನೂನಿನ ಪ್ರಕಾರ ಡಿಸ್ನಿ ಸರಿಯಾಗಿಯೇ ಇತ್ತು. ಕಾಗದದ ಮೇಲೆ ಬಲ ಇದ್ದದ್ದೂ ಅದರದೇ. ಆದರೆ ಅದರ ಸ್ವಂತ ಆನಿಮೇಷನ್ ವಿಭಾಗ ಒಂದರ ಹಿಂದೊಂದು ಸೋಲುತ್ತಿತ್ತು. 2004ರ ಮಾರ್ಚಿನ ಷೇರುದಾರರ ಸಭೆಯಲ್ಲಿ ನಲವತ್ತಕ್ಕೂ ಹೆಚ್ಚು ಶೇಕಡಾ ಮತಗಳು ಐಸ್ನರ್‌ಗೆ ಬೀಳಲಿಲ್ಲ. 2005ರ ಅಕ್ಟೋಬರ್ 1ಕ್ಕೆ ಅವರ ಕುರ್ಚಿಗೆ ಬಾಬ್ ಐಗರ್ ಬಂದರು.

ನಾಲ್ಕನೇ ಮೇಜು

ಅದಕ್ಕೆ ಮೂರು ವಾರ ಮೊದಲು ಹಾಂಗ್‌ಕಾಂಗ್‌ನಲ್ಲಿ ಡಿಸ್ನಿ ಪಾರ್ಕ್ ತೆರೆಯಿತು. ಮೆರವಣಿಗೆಯಲ್ಲಿ ಗೊಂಬೆಗಳು ಸಾಲಾಗಿ ಹೋಗುತ್ತಿದ್ದವು. ನೋಡುತ್ತ ನಿಂತ ಐಗರ್‌ಗೆ ಹೊಳೆಯಿತು: ಹಿಂದಿನ ಹತ್ತು ವರ್ಷಗಳಲ್ಲಿ ಹುಟ್ಟಿ ಜನರ ಬಾಯಲ್ಲಿ ಉಳಿದ ಪಾತ್ರಗಳೆಲ್ಲ ಪಿಕ್ಸಾರಿನವು. ಗರಜು ಯಾರದು ಎಂಬುದನ್ನು ಡಿಸ್ನಿಯ ಮುಖ್ಯಸ್ಥನೊಬ್ಬ ಒಪ್ಪಿಕೊಂಡದ್ದು ಇದೇ ಮೊದಲು. ಎದುರಿನವನಿಗೂ ಅದನ್ನು ಮುಚ್ಚಿಡಲಿಲ್ಲ ಎಂಬುದು ಇನ್ನೂ ದೊಡ್ಡದು. ಸಂತೆಯ ನಿಯಮಕ್ಕೆ ಇದು ವಿರುದ್ಧ. ಜಾಬ್ಸ್‌ಗೆ ಸಾಕಷ್ಟು ಸುಳ್ಳು ಕೇಳಿ ಅಭ್ಯಾಸವಾಗಿತ್ತು, ಬಹುಶಃ ಅದಕ್ಕೇ ಈ ನಿಜ ನಾಟಿತು.

ಆಪಲ್ ಕಚೇರಿಯಲ್ಲಿ ಇಬ್ಬರೂ ಬಿಳಿ ಹಲಗೆಯ ಮುಂದೆ ನಿಂತು ಒಂದು ಕಡೆ ಲಾಭ, ಒಂದು ಕಡೆ ನಷ್ಟ ಬರೆದರು. ನಷ್ಟದ ಪಟ್ಟಿ ಉದ್ದವಾಯಿತು: ಡಿಸ್ನಿಯ ಸಂಸ್ಕೃತಿ ಪಿಕ್ಸಾರನ್ನು ಕೊಲ್ಲುತ್ತದೆ ಎಂಬುದರಿಂದ ಹಿಡಿದು. ಲಾಭದ ಕಡೆ ನಾಲ್ಕಾರು ಸಾಲು. ಐಗರ್ ಮನಸ್ಸು ಕುಗ್ಗಿತು. ತೂಕದ ಕೆಲವು ಲಾಭಗಳ ಮುಂದೆ ಸಣ್ಣಪುಟ್ಟ ನಷ್ಟಗಳ ಎಣಿಕೆ ಲೆಕ್ಕಕ್ಕಿಲ್ಲ ಎಂದದ್ದು ಮಾರುವ ಕಡೆಯ ಜಾಬ್ಸ್. ಆದರೆ ಕ್ಯಾಟ್ಮಲ್, ಲ್ಯಾಸಿಟರ್ ಇಬ್ಬರೂ ಒಪ್ಪಿದರೆ ಮಾತ್ರ ಎಂದರು. ಇಬ್ಬರೂ ಐಗರ್ ಜೊತೆ ಬೇರೆ ಬೇರೆಯಾಗಿ ಊಟಕ್ಕೆ ಕೂತು ಮಾತಾಡಿ ಬಂದು ಒಪ್ಪಿದರು.

2006ರ ಜನವರಿ 24ರಂದು ಎಮರಿವಿಲ್‌ನ ಪಿಕ್ಸಾರ್ ಕ್ಯಾಂಪಸ್ಸಿನಲ್ಲಿ ಘೋಷಣೆ. ಅದಕ್ಕೆ ಅರ್ಧ ಗಂಟೆಯೂ ಇಲ್ಲದಿರುವಾಗ ಜಾಬ್ಸ್ ಐಗರ್‌ರನ್ನು ನಡೆಯಲು ಕರೆದು, ಬೆಂಚಿನ ಮೇಲೆ ಕೂರಿಸಿ, ತನಗೆ ಕ್ಯಾನ್ಸರ್ ಮರಳಿದೆ ಎಂದರು. ಬೇಕಾದರೆ ಈಗಲೂ ಹಿಂದೆ ಸರಿಯಬಹುದು ಎಂದೂ ಹೇಳಿದರು. ಮನೆಯವರ ಹೊರತು ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ. ಡಿಸ್ನಿಯ ಅತಿ ದೊಡ್ಡ ವೈಯಕ್ತಿಕ ಷೇರುದಾರನಾಗಲಿರುವವನ ಕಾಯಿಲೆಯನ್ನು ಕಂಪನಿಯ ನಿರ್ದೇಶಕ ಮಂಡಳಿಯಿಂದ ಮುಚ್ಚಿಡಬಹುದೇ? ಐಗರ್ ಕೆಲವೇ ನಿಮಿಷದಲ್ಲಿ ತೀರ್ಮಾನಿಸಿದರು: ಕೊಳ್ಳುತ್ತಿರುವುದು ಪಿಕ್ಸಾರನ್ನು, ಜಾಬ್ಸ್‌ರನ್ನಲ್ಲ. ಗುಟ್ಟು ಉಳಿಸಿಕೊಂಡು ಮುಂದೆ ಹೋದರು. ಮನುಷ್ಯನಾಗಿ ಅವರು ಮಾಡಿದ್ದು ಸರಿ ಅನ್ನಿಸುತ್ತದೆ. ಮಂಡಳಿಯ ಸದಸ್ಯನಾಗಿದ್ದರೆ ನಾನು ಸಿಟ್ಟಾಗುತ್ತಿದ್ದೆ.

ನಗದಿಲ್ಲ, ಪೂರ್ತಿ ಷೇರಿನ ವ್ಯವಹಾರ: ಪಿಕ್ಸಾರಿನ ಒಂದಕ್ಕೆ ಡಿಸ್ನಿಯ 2.3. ಪಿಕ್ಸಾರ್ ಖಜಾನೆಯಲ್ಲಿ 100 ಕೋಟಿ ಡಾಲರಿಗೂ ಹೆಚ್ಚು ನಗದಿದ್ದುದರಿಂದ ಡಿಸ್ನಿಗೆ ನಿಜವಾಗಿ ಬಿದ್ದದ್ದು 630 ಕೋಟಿಯ ಆಸುಪಾಸು. ಷೇರಿನಲ್ಲಿ ಕೊಟ್ಟದ್ದರಿಂದ ಮಾರಿದವನು ಹಣ ಎಣಿಸಿಕೊಂಡು ಹೋಗಲಿಲ್ಲ, ಡಿಸ್ನಿಯ ಮಂಡಳಿಯಲ್ಲಿ ಕೂತ.

ಕೊಂಡ ಮೇಲೆ

ಇಲ್ಲಿ ಕೊಂಡವರ ಮನೆಯ ಕೀಲಿಯನ್ನು ಕೊಳ್ಳಲ್ಪಟ್ಟವರಿಗೆ ಕೊಟ್ಟರು. ಕ್ಯಾಟ್ಮಲ್ ಪಿಕ್ಸಾರ್, ಡಿಸ್ನಿ ಎರಡೂ ಆನಿಮೇಷನ್ ಸ್ಟುಡಿಯೋಗಳ ಅಧ್ಯಕ್ಷ, ಲ್ಯಾಸಿಟರ್ ಎರಡಕ್ಕೂ ಸೃಜನಶೀಲ ಮುಖ್ಯಸ್ಥ. ಡಿಸ್ನಿ ಕೆಲಸದಿಂದ ತೆಗೆದಿದ್ದ ಹುಡುಗ ಡಿಸ್ನಿಗೇ ಯಜಮಾನನಾಗಿ ಬಂದ. ಸರ್ಕಲ್ ಸೆವೆನ್ ಮುಚ್ಚಿತು. ಎರಡು ಸ್ಟುಡಿಯೋಗಳನ್ನು ಕಲಸಲಿಲ್ಲ. ಒಬ್ಬರಿಗೆ ಕಷ್ಟ ಬಂದರೆ ಇನ್ನೊಬ್ಬರಿಂದ ಆಳು ಎರವಲು ತರುವಂತಿಲ್ಲ ಎಂಬ ಕಟ್ಟುನಿಟ್ಟು ಮಾಡಿದರು. ಕಲಸಿದ್ದರೆ ಡಿಸ್ನಿಯ ಸ್ಟುಡಿಯೋ ಪಿಕ್ಸಾರಿನ ಗೋದಾಮಾಗುತ್ತಿತ್ತು. ಸ್ವಂತ ಕಾಲ ಮೇಲೆ ನಿಲ್ಲಲು ಬಿಟ್ಟಿದ್ದಕ್ಕೆ 2010ರಿಂದ ಅದು ಮತ್ತೆ ಗೆಲ್ಲತೊಡಗಿತು. 2013ರ ಅದರ ಹಿಮರಾಣಿಯ ಸಿನಿಮಾ 120 ಕೋಟಿ ಡಾಲರ್ ದಾಟಿತು.

ಪಿಕ್ಸಾರಿನ ರೂಢಿಗಳನ್ನು ಉಳಿಸಲು ಒಂದು ಲಿಖಿತ ಒಪ್ಪಂದವೇ ಆಯಿತು, ಐದು ವರ್ಷಕ್ಕೆ. ಗೇಟಿನ ಮೇಲಿನ ಹೆಸರು ಬದಲಾಗಬಾರದು. ಇಮೇಲ್ ವಿಳಾಸ ಬದಲಾಗಬಾರದು. ಕೆಲಸಗಾರರಿಂದ ಉದ್ಯೋಗದ ಕರಾರು ಬರೆಸಿಕೊಳ್ಳಬಾರದು, ನಮ್ಮ ಬೆಂಗಳೂರಿನ ಹುಡುಗರು 'ಬಾಂಡು' ಅನ್ನುವಂಥದ್ದು. ಸಣ್ಣ ಸಂಗತಿಗಳೆಂದು ನಗಬಹುದು. ಕೊಂಡವನು ಮೊದಲು ಬದಲಿಸಲು ಹೋಗುವುದು ಇಂಥ ಸಣ್ಣದನ್ನೇ, ಜನ ಬಿಟ್ಟುಹೋಗುವುದೂ ಇದಕ್ಕೇ.

ಬಾಂಡು ಇರಲಿಲ್ಲ, ನಿಜ. ಆದರೆ ಇನ್ನೊಂದು ಬೇಲಿ ಇತ್ತು. ನಿಮ್ಮವರನ್ನು ನಾವು ಕರೆಯುವುದಿಲ್ಲ, ನಮ್ಮವರನ್ನು ನೀವು ಕರೆಯಬೇಡಿ ಎಂಬ ಒಳಮಾತು ಪಿಕ್ಸಾರಿಗೂ ಬೇರೆ ಕಂಪನಿಗಳಿಗೂ ನಡುವೆ ಇದೆಯೆಂದು ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಮೊಕದ್ದಮೆ ಹೂಡಿತು. ಸಂಬಳ ಏರದಂತೆ ತಡೆದರೆಂದು ಆನಿಮೇಷನ್ ಕೆಲಸಗಾರರು ಹಾಕಿದ ದಾವೆಯಲ್ಲಿ ಡಿಸ್ನಿ, ಪಿಕ್ಸಾರ್, ಲ್ಯೂಕಸ್‌ಫಿಲ್ಮ್ ಸೇರಿ 2017ರಲ್ಲಿ 10 ಕೋಟಿ ಡಾಲರಿಗೆ ರಾಜಿಯಾದವು. ಮಾಲೀಕರು ಮೇಜಿಗೆ ಕೂತಾಗಲೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ಕೆಲಸಗಾರರು ಕೇಳದಂತೆ ಆ ಬೇಲಿ ನೋಡಿಕೊಂಡಿತ್ತು. ಅದೇ ವರ್ಷದ ನವೆಂಬರಿನಲ್ಲಿ ಲ್ಯಾಸಿಟರ್ ಜೊತೆಗೆಲಸದವರ ಮೇಲಿನ ವರ್ತನೆಯ ದೂರುಗಳ ನಡುವೆ ರಜೆ ಹೋಗಿ, 2018ರ ಕೊನೆಗೆ ಕಂಪನಿ ಬಿಟ್ಟರು. ಕ್ಯಾಟ್ಮಲ್ 2019ರಲ್ಲಿ ನಿವೃತ್ತರಾದರು. ಮಾತು ಕೊಟ್ಟವರು, ಪಡೆದವರು ಒಬ್ಬೊಬ್ಬರಾಗಿ ಮೇಜಿನಿಂದ ಎದ್ದಿದ್ದರು.

ಕೊರೋನಾ ವರ್ಷಗಳಲ್ಲಿ ಪಿಕ್ಸಾರಿನ ಮೂರು ಸಿನಿಮಾ ಅಮೆರಿಕದ ಥಿಯೇಟರು ಕಾಣದೆ ನೇರ ಡಿಸ್ನಿಯ ಆ್ಯಪಿಗೆ ಹೋದವು. 2022ರಲ್ಲಿ ಥಿಯೇಟರಿಗೆ ಬಂದ, 'ಟಾಯ್ ಸ್ಟೋರಿ'ಯ ಗಗನಯಾತ್ರಿ ಗೊಂಬೆಯದೇ ಬೇರೆ ಸಿನಿಮಾ ಸೋತಿತು. 2023ರಲ್ಲಿ ಡಿಸ್ನಿಯ ವೆಚ್ಚಕಡಿತದ ಭಾಗವಾಗಿ ಪಿಕ್ಸಾರ್ 75 ಜನರನ್ನು ಕೆಲಸದಿಂದ ತೆಗೆಯಿತು. ಆ ಸೋತ ಸಿನಿಮಾದ ನಿರ್ಮಾಪಕಿಯೂ ಅದರಲ್ಲಿದ್ದರು. ಇಪ್ಪತ್ತೈದು ವರ್ಷದ ಹಿಂದೆ ಮನೆಯ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ತಂದಾಕೆ ಅವರೇ.